ಮುಂಗಾರಿನ ಮೀನೂ ಈಳಿಗೆಯ ವಿದ್ಯೆಯೂ

ಇತಿಹಾಸವೆಂದೊಡನೆ ನಮ್ಮ ಮನಸ್ಸು ದಂಡಯಾತ್ರೆಗಳ ಕಡೆಗೂ ದಾನಶಾಸನಗಳ ಕಡೆಗೂ ಹರಿಯುವುದು ಸಹಜವೇ. ಹೊಳೆಯ ದಡದಲ್ಲಿಯೋ ಮನೆಯ ಹಿತ್ತಿಲಿನಲ್ಲಿಯೋ ಈಳಿಗೆಮಣೆಯ ಮುಂದೆ ಕುಳಿತು ಮೀನನ್ನು ಶುದ್ಧಮಾಡುವ ಕೆಲಸಕ್ಕೂ ಒಂದು ಇತಿಹಾಸವುಂಟೆಂದರೆ ಕೆಲವರಿಗೆ ನಗೆ ಬಂದೀತು. ಮತ್ತೆ ಕೆಲವರಿಗೆ ಮೂಗು ಮುಚ್ಚಿಕೊಳ್ಳಬೇಕೆನಿಸೀತು. ಆದರೂ ಈ ದಿನ ನಾವು ಆ ವಿಷಯವನ್ನೇ ಆರಿಸಿಕೊಂಡಿದ್ದೇವೆ. ಮೀನನ್ನು ಉಣ್ಣುವವರಿಗೂ ಉಣ್ಣದವರಿಗೂ ಇದರಲ್ಲಿ ತಿಳಿಯತಕ್ಕದ್ದು ಉಂಟು. ಏಕೆಂದರೆ, ಮೀನಿನ ಹೊಟ್ಟೆಯನ್ನು ಸೀಳಿದ ಕೈಗೆ ಮೊದಲು ತಿಳಿದ ಸಂಗತಿಗಳೇ ಮುಂದೆ ಶಾಸ್ತ್ರವಾದುವು, ಕಾನೂನೂ ಆದುವು. ಆ ಕೈಗಳ ಹೆಸರು ಮಾತ್ರ ಎಲ್ಲಿಯೂ ಉಳಿದುಬರಲಿಲ್ಲ.

ಮೊದಲು ಕಾಲವನ್ನು ಗಮನಿಸೋಣ. ನಮ್ಮ ನಾಡಿನ ಹೊಳೆಗಳಲ್ಲಿ ಮೀನಿನ ವರ್ಷವು ಆರಂಭವಾಗುವುದು ಮುಂಗಾರಿನಿಂದ. ಬೇಸಗೆಯಲ್ಲಿ ಮಡುಗಳಲ್ಲಿ ಅಡಗಿದ್ದ ಮೀನುಗಳು, ಮೊದಲ ಮಳೆಯ ಕೆಂಪು ನೀರು ಬಂದು ಹೊಳೆಯು ತುಂಬಿದೊಡನೆ, ಪ್ರವಾಹಕ್ಕೆ ಎದುರಾಗಿ ಮೇಲಕ್ಕೆ ಹೊರಡುತ್ತವೆ. ಮಲೆನಾಡಿನಲ್ಲಿ ಅವು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಹತ್ತಿಬರುವುದರಿಂದ ಅವಕ್ಕೆ ಹತ್ತುಮೀನು ಎಂದೇ ಹೆಸರು. ಗದ್ದೆಯ ಬದುವಿನಲ್ಲಿ ಬಿದಿರಿನ ಕೂಣಿಯನ್ನು ಒಡ್ಡಿದವನಿಗೆ ಒಂದೇ ರಾತ್ರಿಯಲ್ಲಿ ಬುಟ್ಟಿ ತುಂಬ ಮೀನು ದೊರೆಯುವುದುಂಟು. ಗಾಳ, ಬೀಸುಬಲೆ, ಹರಿಗೋಲು ಇವುಗಳಿಗೂ ಇದೇ ಹಬ್ಬದ ಕಾಲ. ಆದರೆ ಮೀನು ಹೀಗೆ ಹತ್ತುವುದು ಮನುಷ್ಯನ ಬುಟ್ಟಿಯನ್ನು ತುಂಬುವುದಕ್ಕಾಗಿ ಅಲ್ಲ, ತತ್ತಿಯಿಡುವುದಕ್ಕಾಗಿ. ಈ ಒಂದು ಮಾತನ್ನು ಶ್ರೋತೃಗಳು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಮತ್ತೆ ಇದಕ್ಕೇ ಬರಬೇಕಾಗಿದೆ.

ಇನ್ನು ಶುದ್ಧಮಾಡುವ ಕ್ರಮ. ಹುರುಪೆಯುಳ್ಳ ಗೆಂಡೆಯ ಜಾತಿಗಳನ್ನು ಬಾಲದ ಕಡೆಯಿಂದ ತಲೆಯ ಕಡೆಗೆ ಹೆರೆಯಬೇಕು. ಹುರುಪೆಗಳು ಹೆಂಚಿನಂತೆ ಹಿಂದಕ್ಕೆ ಮಲಗಿರುವುದರಿಂದ ಎದುರಾಗಿ ಹೆರೆದಲ್ಲದೆ ಅವು ಏಳುವುದಿಲ್ಲ. ಹುರುಪೆಯಿಲ್ಲದ ಬಾಳೆಮೀನು, ಚೇಳುಮೀನುಗಳ ಮೈಮೇಲೆ ಲೋಳೆಯಿರುತ್ತದೆ; ಕೈಗೆ ಬೂದಿಯನ್ನು ಹಚ್ಚಿಕೊಂಡು ಹಿಡಿದು, ಒರಟು ಕಲ್ಲಿನ ಮೇಲೆ ಉಜ್ಜಿ ಅದನ್ನು ತೆಗೆಯುತ್ತಾರೆ. ಚೇಳುಮೀನಾದರೆ ಪಕ್ಕದ ಮುಳ್ಳುಗಳನ್ನು ಮೊದಲು ಮುರಿಯಬೇಕು, ಅವುಗಳಲ್ಲಿ ವಿಷವುಂಟು. ಆಮೇಲೆ ಕಿವಿರನ್ನು ಕಿತ್ತು, ಹೊಟ್ಟೆಯನ್ನು ಸೀಳಿ, ಕರುಳನ್ನು ಹೊರತೆಗೆಯಬೇಕು. ಇದಕ್ಕೆ ತಡಮಾಡಬಾರದು. ಮೀನು ಬೇಗನೆ ಕೆಡುವುದಕ್ಕೆ ಕಾರಣವಾದ ಸೂಕ್ಷ್ಮಜೀವಿಗಳು ಹೆಚ್ಚಾಗಿ ನೆಲಸಿರುವುದು ಕಿವಿರಿನಲ್ಲಿಯೂ ಕರುಳಿನಲ್ಲಿಯೂ, ಮೈಮೇಲಿನ ಲೋಳೆಯಲ್ಲಿಯೂ. ಜೀವ ಹೋದ ಮೇಲೆ ಕರುಳಿನ ಜೀರ್ಣರಸವು ಮೀನಿನ ಮಾಂಸವನ್ನೇ ಜೀರ್ಣಿಸತೊಡಗುತ್ತದೆ. ಮಂಜುಗಡ್ಡೆಯಿಲ್ಲದ ಕಾಲದಲ್ಲಿ, ಸೆಖೆಯ ನಾಡಿನಲ್ಲಿ, ಈ ಆತುರವೇ ಊಟಕ್ಕೂ ರೋಗಕ್ಕೂ ನಡುವಣ ಗೆರೆಯಾಗಿತ್ತು.

ಈ ಕೆಲಸದಲ್ಲಿ ಎಲ್ಲಕ್ಕಿಂತ ನಾಜೂಕಾದದ್ದು ಪಿತ್ತಕೋಶವನ್ನು ಒಡೆಯದೆ ತೆಗೆಯುವುದು. ಅದು ಒಡೆದರೆ ಹಸುರು ರಸವು ಹರಡಿ, ತಾಗಿದ ಮಾಂಸವೆಲ್ಲ ಕಹಿಯಾಗುತ್ತದೆ. ಕಹಿಯೊಂದೇ ಅಲ್ಲ. ಗೆಂಡೆಯ ಜಾತಿಯ ಮೀನುಗಳ ಪಿತ್ತವನ್ನು ಔಷಧವೆಂದು ಹಸಿಯಾಗಿ ನುಂಗಿದವರಿಗೆ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದ ಪ್ರಸಂಗಗಳನ್ನು ನಮ್ಮ ದೇಶದ ವೈದ್ಯರು ದಾಖಲೆ ಮಾಡಿದ್ದಾರೆ. ರಸಾಯನಶಾಸ್ತ್ರವು ಈ ವಿಷವನ್ನು ಗುರುತಿಸುವುದಕ್ಕೆ ಎಷ್ಟೋ ಮೊದಲೇ ಮೀನು ಕೊಯ್ಯುವ ಹೆಂಗಸರು ಪಿತ್ತವನ್ನು ಬೇರೆಯಾಗಿಯೇ ತೆಗೆದು ಎಸೆಯುತ್ತಿದ್ದರು. ಕಾರಣವನ್ನು ಅರಿಯದೆಯೂ ಅಪಾಯವನ್ನು ಅರಿತಿರುವುದು ಕೈಕೆಲಸದ ಜ್ಞಾನದ ಲಕ್ಷಣ.

ಮೀನನ್ನು ತುಂಡುಮಾಡುವ ರೀತಿಯಲ್ಲಿಯೂ ಇಂಥ ವಿವೇಕವೇ ಇದೆ. ಪಾಶ್ಚಾತ್ಯರು ಮೀನಿನ ಬೆನ್ನೆಲುಬಿನ ಉದ್ದಕ್ಕೂ ಕತ್ತಿಯನ್ನು ಹಾಯಿಸಿ, ಎಲುಬನ್ನು ಬಿಟ್ಟು ಮಾಂಸದ ಹಾಳೆಯನ್ನು ಎತ್ತುತ್ತಾರೆ. ಅದನ್ನು ಫಿಲೆಟ್ ಎನ್ನುತ್ತಾರೆ. ನಮ್ಮಲ್ಲಿ ಹೊಳೆಯ ಮೀನನ್ನು ಎಲುಬು ಸಹಿತವಾಗಿ ಅಡ್ಡಲಾಗಿ ಕೊಯ್ಯುವುದು ವಾಡಿಕೆ. ಇದು ಅಜ್ಞಾನದ ಫಲವಲ್ಲ. ಗೆಂಡೆಯ ಜಾತಿಗಳಲ್ಲಿ ಬೆನ್ನೆಲುಬಿಗೆ ಸೇರದ ಕವಲು ಕವಲಾದ ಸಣ್ಣ ಮುಳ್ಳುಗಳು ಮಾಂಸದೊಳಗೆಯೇ ಹುದುಗಿರುತ್ತವೆ. ಫಿಲೆಟ್ ಎತ್ತಿದರೂ ಅವು ಅದರೊಡನೆಯೇ ಬರುತ್ತವೆ. ಅಡ್ಡಲಾಗಿ ಕೊಯ್ದರೆ ಮುಳ್ಳುಗಳು ತುಂಡಾಗುತ್ತವೆ, ಉಳಿದವು ಎಲ್ಲಿವೆಯೆಂದು ಬೆರಳಿಗೆ ತಿಳಿಯುತ್ತದೆ. ನಮ್ಮ ಊಟವು ಕೈಯಿಂದ ಮಾಡುವ ಊಟವಾದ್ದರಿಂದ ಬೆರಳೇ ಮುಳ್ಳನ್ನು ಹುಡುಕಿ ಬೇರ್ಪಡಿಸುತ್ತದೆ. ಕೊರವ ಮೀನಿನಲ್ಲಿ ಇಂಥ ಸಣ್ಣ ಮುಳ್ಳುಗಳ ಕಾಟವಿಲ್ಲ. ಅದಕ್ಕೆ ಬೆಲೆ ಹೆಚ್ಚಾಗಿರುವುದಕ್ಕೆ ಇದೂ ಒಂದು ಕಾರಣ.

ಇಷ್ಟು ವಿವರವುಳ್ಳ ಈ ವಿದ್ಯೆಯು ನಮ್ಮ ಗ್ರಂಥಗಳಲ್ಲಿ ಎಲ್ಲಿದೆ ಎಂದು ಕೇಳಿದರೆ, ಬಹುಮಟ್ಟಿಗೆ ಎಲ್ಲಿಯೂ ಇಲ್ಲವೆಂದೇ ಹೇಳಬೇಕು. ಕನ್ನಡದಲ್ಲಿ ಪಾಕಶಾಸ್ತ್ರದ ಕೃತಿಗಳಿಲ್ಲವೆಂದಲ್ಲ. ಹನ್ನೊಂದನೆಯ ಶತಮಾನದ ಚಾವುಂಡರಾಯನ ಲೋಕೋಪಕಾರದಲ್ಲಿ ಅಡಿಗೆಯ ವಿಷಯವಿದೆ. ಹದಿನಾರನೆಯ ಶತಮಾನದ ಆದಿಭಾಗದ ಮಂಗರಸನ ಸೂಪಶಾಸ್ತ್ರವಂತೂ ಅಡಿಗೆಗೇ ಮೀಸಲಾದ ಕಾವ್ಯ. ಆದರೆ ಮಂಗರಸನು ಜೈನನು. ಅವನ ಅಡಿಗೆಯ ಮನೆಯಲ್ಲಿ ಮೀನಿಗೆ ಪ್ರವೇಶವಿಲ್ಲ. ಇದು ಆತನ ದೋಷವಲ್ಲ, ಆತನ ಧರ್ಮ. ಆದರೆ ಇದರ ಫಲವಾಗಿ, ಹೊಳೆಯ ಬದಿಯ ಲಕ್ಷಾಂತರ ಜನರ ನಿತ್ಯದ ಆಹಾರವು ಅಕ್ಷರದ ಹೊರಗೇ ಉಳಿಯಿತು. ಬರೆಯಬಲ್ಲವರು ಮೀನನ್ನು ಮುಟ್ಟಲಿಲ್ಲ. ಮೀನನ್ನು ಮುಟ್ಟಿದವರಿಗೆ ಬರೆಹ ದೊರೆಯಲಿಲ್ಲ.

ಈ ಮೌನದ ನಡುವೆ ಕೇಳಿಬರುವ ಒಂದು ಅಪೂರ್ವವಾದ ಧ್ವನಿ ಮಾನಸೋಲ್ಲಾಸ. ಅಭಿಲಷಿತಾರ್ಥ ಚಿಂತಾಮಣಿಯೆಂಬ ಮತ್ತೊಂದು ಹೆಸರಿನ ಈ ಸಂಸ್ಕೃತ ಗ್ರಂಥವನ್ನು ರಚಿಸಿದವನು ಕಲ್ಯಾಣದ ಚಾಲುಕ್ಯ ದೊರೆ, ಆರನೆಯ ವಿಕ್ರಮಾದಿತ್ಯನ ಮಗ, ಭೂಲೋಕಮಲ್ಲನೆಂದು ಹೆಸರಾದ ಮೂರನೆಯ ಸೋಮೇಶ್ವರ. ಕಾಲವು ಕ್ರಿ.ಶ. 1130ರ ಆಸುಪಾಸು. ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಲ್ಲಿ ರಾಜ್ಯಭಾರದಿಂದ ಹಿಡಿದು ಸಂಗೀತ, ಚಿತ್ರ, ಆನೆ, ಕುದುರೆಗಳವರೆಗೆ ದೊರೆಯು ತಿಳಿಯಬೇಕಾದುದನ್ನೆಲ್ಲ ಅದು ಹೇಳುತ್ತದೆ. ಇದರ ಮೊದಲ ಭಾಗವನ್ನು ಮೈಸೂರಿನ ಪ್ರಾಚ್ಯ ಪುಸ್ತಕಾಲಯವು 1926ರಲ್ಲಿ ವಿದ್ವಾಂಸರಾದ ಆರ್. ಶಾಮಶಾಸ್ತ್ರಿಗಳ ಸಂಪಾದಕತ್ವದಲ್ಲಿ ಪ್ರಕಟಿಸಿತು. ಪೂರ್ಣ ಗ್ರಂಥವು ಬರೋಡೆಯ ಗಾಯಕವಾಡ ಗ್ರಂಥಮಾಲೆಯಲ್ಲಿ ಮೂರು ಸಂಪುಟಗಳಾಗಿ ಬಂದಿತು.

ಈ ಗ್ರಂಥದಲ್ಲಿ ಮತ್ಸ್ಯವಿನೋದವೆಂಬ ಒಂದು ಪ್ರಕರಣವಿದೆ. ಸುಮಾರು ಮೂವತ್ತೈದು ಬಗೆಯ ಮೀನುಗಳನ್ನು ದೊರೆಯು ಅಲ್ಲಿ ಹೆಸರಿಸುತ್ತಾನೆ. ಕಡಲಿನವು ಯಾವುವು, ಹೊಳೆಯವು ಯಾವುವು. ಹುರುಪೆಯುಳ್ಳವು ಯಾವುವು, ಇಲ್ಲದವು ಯಾವುವು. ದೊಡ್ಡವು ಯಾವುವು, ಸಣ್ಣವು ಯಾವುವು ಎಂದು ವಿಂಗಡಿಸುತ್ತಾನೆ. ಯಾವುದಕ್ಕೆ ಯಾವ ಆಹಾರವನ್ನು ಹಾಕಿ ಅಭ್ಯಾಸಮಾಡಿಸಬೇಕು, ಗಾಳದ ಹುರಿ ಹೇಗಿರಬೇಕು ಎಂಬುದೂ ಅಲ್ಲಿದೆ. ಭಾರತದ ಪ್ರಾಣಿವಿಜ್ಞಾನ ಸರ್ವೇಕ್ಷಣೆಯ ನಿರ್ದೇಶಕರಾಗಿದ್ದ ಮತ್ಸ್ಯಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಪ್ರಕರಣವನ್ನು ಪರಿಶೀಲಿಸಿ ಲೇಖನವನ್ನು ಬರೆದರು. ಎಂಟುನೂರು ವರ್ಷಗಳ ಹಿಂದಿನ ಒಬ್ಬ ದೊರೆಯ ವಿನೋದವನ್ನು ಆಧುನಿಕ ವಿಜ್ಞಾನಿಯೊಬ್ಬರು ವಿದ್ಯೆಯೆಂದೇ ಪರಿಗಣಿಸಿದುದು ಗಮನಾರ್ಹವಾದ ಸಂಗತಿ.

ಅನ್ನಭೋಗವೆಂಬ ಇನ್ನೊಂದು ಪ್ರಕರಣದಲ್ಲಿ ಅದೇ ಮೀನು ಅಡಿಗೆಯ ಮನೆಗೆ ಬರುತ್ತದೆ. ಮೀನನ್ನು ತುಂಡುಮಾಡಿ ಚೆನ್ನಾಗಿ ತೊಳೆಯುವುದು, ಹುಣಿಸೆಯ ರಸದಲ್ಲಿ ಬೇಯಿಸುವುದು, ಗೋಧಿಯ ಹಿಟ್ಟನ್ನು ಉದುರಿಸಿ ಕಾದ ಎಣ್ಣೆಯಲ್ಲಿ ಕೆಂಪಗೆ ಕರಿಯುವುದು, ಸೈಂಧವ ಲವಣವನ್ನೂ ಏಲಕ್ಕಿ ಮೆಣಸುಗಳ ಪುಡಿಯನ್ನೂ ಹಾಕುವುದು, ಇದು ಅಲ್ಲಿಯ ಒಂದು ಕ್ರಮ. ಮೆಣಸೆಂದರೆ ಇಲ್ಲಿ ಕರಿಮೆಣಸು. ಮೆಣಸಿನಕಾಯಿಯು ಪೋರ್ತುಗೀಜರ ಮೂಲಕ ನಮ್ಮ ನಾಡಿಗೆ ಬರುವುದಕ್ಕೆ ಇನ್ನೂ ನಾಲ್ಕು ಶತಮಾನಗಳು ಕಳೆಯಬೇಕಾಗಿದ್ದುವು. ಹುಣಿಸೆಯ ವಿಷಯವಾಗಿ ಒಂದು ಮಾತು. ಹೊಳೆ ಕೆರೆಗಳ ಮೀನಿಗೆ ಒಂದು ಬಗೆಯ ಕೆಸರಿನ ವಾಸನೆಯುಂಟು. ನೀರಿನ ಪಾಚಿಯೂ ಮಣ್ಣಿನ ಸೂಕ್ಷ್ಮಜೀವಿಗಳೂ ಹುಟ್ಟಿಸುವ ಒಂದು ವಸ್ತುವೇ ಇದಕ್ಕೆ ಮುಖ್ಯ ಕಾರಣ; 1965ರಲ್ಲಿ ಅದನ್ನು ಗುರುತಿಸಿ ಜಿಯೋಸ್ಮಿನ್ ಎಂದು ಹೆಸರಿಟ್ಟರು. ಮೊದಲ ಮಳೆಗೆ ನೆಲದಿಂದ ಏಳುವ ಕಂಪೂ ಇದರದೇ. ಹುಳಿಯ ಸಂಪರ್ಕದಲ್ಲಿ ಇದು ಒಡೆದು ವಾಸನೆ ಕುಗ್ಗುತ್ತದೆಂದು ರಸಾಯನಶಾಸ್ತ್ರವು ಹೇಳುತ್ತದೆ. ಚಾಲುಕ್ಯರ ಅಡಿಗೆಯವನಿಗೆ ಈ ಹೆಸರು ತಿಳಿದಿರಲಿಲ್ಲ, ಉಪಾಯವು ತಿಳಿದಿತ್ತು.

ಆ ಉಪಾಯವನ್ನು ದೊರೆಗೆ ಕಲಿಸಿದವರು ಯಾರು? ದೊರೆಯು ತಾನೇ ಕುಳಿತು ಹುರುಪೆ ಹೆರೆದನೆಂದು ನಂಬುವುದು ಕಷ್ಟ. ಅರಮನೆಯ ಬಾಣಸಿಗರು, ಅವರಿಗೆ ಮೀನನ್ನು ತಂದೊಪ್ಪಿಸುತ್ತಿದ್ದ ಬೆಸ್ತರು, ಅಂಬಿಗರು, ಅವರ ಮನೆಯ ಹೆಂಗಸರು, ಇವರೇ ಆ ವಿದ್ಯೆಯ ಒಡೆಯರಾಗಿದ್ದಿರಬೇಕು. ಗ್ರಂಥವು ಅವರಲ್ಲಿ ಒಬ್ಬರನ್ನೂ ಹೆಸರಿಸುವುದಿಲ್ಲ. ಅದೇ ಕಲ್ಯಾಣದ ಪರಿಸರದಲ್ಲಿ, ಕೆಲವೇ ದಶಕಗಳ ತರುವಾಯ, ದೋಣಿ ನಡೆಸುವ ಕಾಯಕದ ಚೌಡಯ್ಯನು ತನ್ನ ಕುಲವೃತ್ತಿಯನ್ನೇ ಹೆಸರಿನ ಮೊದಲು ಇಟ್ಟುಕೊಂಡು ಅಂಬಿಗರ ಚೌಡಯ್ಯನೆಂದು ವಚನಗಳನ್ನು ನುಡಿದನೆಂಬುದನ್ನು ಇಲ್ಲಿ ನೆನೆಯುವುದು ಉಚಿತ. ದೊರೆಯ ಗ್ರಂಥದಲ್ಲಿ ಹೆಸರಿಲ್ಲದೆ ಉಳಿದ ಹೊಳೆಯ ಜನರು ಅವನ ಮೂಲಕ ತಮ್ಮ ಹೆಸರಿನಿಂದಲೇ ಮಾತನಾಡಿದರು.

ಈಗ ತತ್ತಿಯ ಮಾತಿಗೆ ಹಿಂದಿರುಗೋಣ. ಮುಂಗಾರಿನ ಮೀನಿನ ಹೊಟ್ಟೆಯನ್ನು ಸೀಳಿದರೆ ಮೊದಲು ಕಾಣುವುದು ಕರುಳಲ್ಲ, ಎರಡು ಪಕ್ಕಗಳಲ್ಲಿಯೂ ತುಂಬಿಕೊಂಡ ತತ್ತಿಯ ಗೊಂಚಲು. ಒಂದು ದೊಡ್ಡ ಗೆಂಡೆಯ ಹೊಟ್ಟೆಯಲ್ಲಿ ಲಕ್ಷಗಟ್ಟಲೆ ತತ್ತಿಗಳಿರಬಹುದು. ಹುರಿದರೆ ಅದು ರುಚಿಯಾದ ಪದಾರ್ಥವೆಂಬುದು ನಿಜ. ಆದರೆ ಮುಂದಿನ ವರ್ಷಗಳ ಹೊಳೆಯ ಮೀನು ಅದೇ ಎಂಬುದೂ ನಿಜ. ಈ ಸತ್ಯವು ಯಾವ ವಿದ್ವಾಂಸನಿಗಿಂತಲೂ ಮೊದಲು ಈಳಿಗೆಯ ಮುಂದೆ ಕುಳಿತವಳಿಗೆ ಗೋಚರವಾಗಿರಬೇಕು.

ಕೊಲ್ಲುವುದಕ್ಕೆ ಮಿತಿಯಿರಬೇಕೆಂಬ ವಿಚಾರವು ನಮ್ಮ ದೇಶಕ್ಕೆ ಹೊಸದಲ್ಲ. ಅಶೋಕನು ತನ್ನ ಐದನೆಯ ಸ್ತಂಭಶಾಸನದಲ್ಲಿ ವರ್ಷದ ಮೂರು ಚಾತುರ್ಮಾಸ್ಯ ಹುಣ್ಣಿಮೆಗಳ ಸುತ್ತಲಿನ ದಿನಗಳಲ್ಲಿಯೂ ಉಪವಾಸದ ದಿನಗಳಲ್ಲಿಯೂ ಮೀನನ್ನು ಕೊಲ್ಲಬಾರದು, ಮಾರಲೂ ಬಾರದು ಎಂದು ವಿಧಿಸಿದನು. ಎಂದಿಗೂ ಕೊಲ್ಲಬಾರದ ಪ್ರಾಣಿಗಳ ಪಟ್ಟಿಯಲ್ಲಿ ಎಲುಬಿಲ್ಲದ ಮೀನೆಂಬ ಅರ್ಥದ ಒಂದು ಹೆಸರೂ ಇದೆ. ಇದು ಧರ್ಮದ ನಿಷೇಧ. ಆದರೆ ಆಷಾಢದ ಹುಣ್ಣಿಮೆಯು ಮೀನು ತತ್ತಿಯಿಡುವ ಕಾಲದಲ್ಲಿಯೇ ಬೀಳುತ್ತದೆ. ನಮ್ಮಲ್ಲಿಯೇ ಶೃಂಗೇರಿಯ ತುಂಗೆ, ಶಿಶಿಲದ ಕಪಿಲೆ, ರಾಮನಾಥಪುರದ ಕಾವೇರಿ, ಇಲ್ಲೆಲ್ಲ ದೇವಸ್ಥಾನದ ಎದುರಿನ ಮಡುವಿನಲ್ಲಿ ಮೀನನ್ನು ಯಾರೂ ಹಿಡಿಯುವಂತಿಲ್ಲ. ಭಕ್ತಿಯಿಂದ ಹುಟ್ಟಿದ ಈ ಮಡುಗಳು ಮೀನಿನ ಬೀಜಭಂಡಾರಗಳಾಗಿಯೂ ಉಳಿದಿವೆ.

ಆಧುನಿಕ ವಿಚಾರಣೆಯು ಮೊದಲಾದದ್ದು ಒಂದು ವಿಚಿತ್ರವಾದ ಕಡೆಯಿಂದ. ಕಾವೇರಿಯ ಕೊಳ್ಳಿಡಂ ಕವಲಿಗೆ ಅಣೆಕಟ್ಟನ್ನು ಕಟ್ಟಿಸಿದ ಇಂಜಿನಿಯರು ಸರ್ ಆರ್ಥರ್ ಕಾಟನ್ ಅವರೇ, ಅಣೆಕಟ್ಟುಗಳು ಮೀನಿನ ದಾರಿಯನ್ನು ತಡೆಯುತ್ತಿವೆಯೇ ಎಂಬ ಪ್ರಶ್ನೆಯನ್ನು 1867ರಲ್ಲಿ ಎತ್ತಿದರು. ಅದನ್ನು ಪರೀಕ್ಷಿಸಲು ನೇಮಕವಾದವರು ವೈದ್ಯರೂ ಮತ್ಸ್ಯಶಾಸ್ತ್ರಜ್ಞರೂ ಆದ ಫ್ರಾನ್ಸಿಸ್ ಡೇ. 1873ರಲ್ಲಿ ಪ್ರಕಟವಾದ ಅವರ ವರದಿಯು, ತತ್ತಿಯಿಡಲು ಹತ್ತುವ ಮೀನನ್ನು ಹಳ್ಳಗಳಲ್ಲಿ ಅಡ್ಡಗಟ್ಟಿ ಹಿಡಿಯುವುದನ್ನೂ ಸಣ್ಣ ಕಣ್ಣಿನ ಬಲೆಗಳಿಂದ ಮರಿಗಳನ್ನು ಬಾಚುವುದನ್ನೂ ಖಂಡಿಸಿತು. ಅದೇ ವರ್ಷ ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್ ಅವರು ಗಾಳದ ಬೇಟೆಯನ್ನು ಕುರಿತ ತಮ್ಮ ಪುಸ್ತಕವನ್ನು ಮಂಗಳೂರಿನಲ್ಲಿ ಅಚ್ಚುಮಾಡಿಸಿದರು. ಇವರ ವಾದಗಳಿಗೆಲ್ಲ ಆಧಾರವಾದದ್ದು ಈಳಿಗೆಯು ತೋರಿಸಿದ್ದ ಅದೇ ತತ್ತಿ. 1897ರಲ್ಲಿ ಭಾರತದ ಮೀನುಗಾರಿಕೆಯ ಕಾನೂನು ಬಂದು, ಸಿಡಿಮದ್ದು ಮತ್ತು ವಿಷಗಳಿಂದ ಮೀನು ಹಿಡಿಯುವುದು ಅಪರಾಧವಾಯಿತು. ಬಲೆಯ ಕಣ್ಣಿನ ಅಳತೆಯನ್ನೂ ಹಿಡಿಯಬಾರದ ಕಾಲವನ್ನೂ ಗೊತ್ತುಮಾಡುವ ಅಧಿಕಾರವು ಸರಕಾರಗಳಿಗೆ ದೊರೆಯಿತು. ಮೈಸೂರು ಸಂಸ್ಥಾನವು 1901ರಲ್ಲಿ ಬೇಟೆಯ ಪ್ರಾಣಿಗಳ ಮತ್ತು ಮೀನುಗಳ ಸಂರಕ್ಷಣೆಗೆ ತನ್ನದೇ ರೆಗ್ಯುಲೇಷನ್ ಮಾಡಿಕೊಂಡಿತು.

ಇಲ್ಲಿ ನ್ಯಾಯದ ಒಂದು ಪ್ರಶ್ನೆಯುಂಟು. ಮೀನು ಕಡಮೆಯಾದುದಕ್ಕೆ ಅಣೆಕಟ್ಟೂ ಕಾರಣ, ಬಲೆಯೂ ಕಾರಣ. ಆದರೆ ನಿಯಮದ ಕೈಯು ಬಡವನ ಬಲೆಯ ಮೇಲೆ ಬಿದ್ದಷ್ಟು ಸುಲಭವಾಗಿ ಅಣೆಕಟ್ಟಿನ ಮೇಲೆ ಬೀಳಲಿಲ್ಲ. 1911ರಲ್ಲಿ ಪ್ರಾರಂಭವಾದ ಕನ್ನಂಬಾಡಿಯ ಕಟ್ಟೆಯು ಮಂಡ್ಯದ ಸೀಮೆಗೆ ಅನ್ನವನ್ನು ಕೊಟ್ಟಿತು. ಆ ಉಪಕಾರವನ್ನು ಯಾರೂ ಮರೆಯಲಾರರು. ಆದರೆ ಕಾವೇರಿಯನ್ನು ಹತ್ತಿ ಬರುತ್ತಿದ್ದ ಮೀನಿಗೆ ಆ ಗೋಡೆಯಲ್ಲಿ ಬಾಗಿಲಿರಲಿಲ್ಲ. ಲೆಕ್ಕವನ್ನು ಬರೆಯುವಾಗ ಎರಡು ಕಡೆಗಳನ್ನೂ ಬರೆಯುವುದು ಇತಿಹಾಸಕಾರನ ಕರ್ತವ್ಯ.

ಈಳಿಗೆಯ ಜ್ಞಾನವು ಮತ್ತೊಮ್ಮೆ ನಾಡಿಗೆ ಉಪಕಾರಮಾಡಿದ ಪ್ರಸಂಗವನ್ನು ಹೇಳಬೇಕಾಗಿದೆ. ರೋಹು, ಕಾಟ್ಲ, ಮೃಗಾಲ್ ಎಂಬ ಉತ್ತರದ ದೊಡ್ಡ ಗೆಂಡೆಗಳು ಕೆರೆಯಲ್ಲಿ ಬೆಳೆಯುತ್ತವೆಯೇ ಹೊರತು ನಿಂತ ನೀರಿನಲ್ಲಿ ತತ್ತಿಯಿಡವು. ಅವಕ್ಕೆ ಮಳೆಗಾಲದ ಹೊಳೆಯೇ ಬೇಕು. ಆದ್ದರಿಂದ ಕೆರೆಗಳಿಗೆ ಬೇಕಾದ ಮರಿಗಳನ್ನು ಹೊಳೆಯಿಂದಲೇ ಹಿಡಿದು ತರಬೇಕಾಗಿತ್ತು. ಮೀನಿನ ಮಿದುಳಿನ ಕೆಳಗೆ ಕಾಳಿನಷ್ಟು ಚಿಕ್ಕದಾದ ಪಿಟ್ಯುಟರಿ ಎಂಬ ಗ್ರಂಥಿಯುಂಟು. ತತ್ತಿ ಪಕ್ವವಾಗುವುದು ಅದರ ರಸದಿಂದ. ಕೊಯ್ದ ಮೀನಿನ ತಲೆಯಿಂದ ಆ ಗ್ರಂಥಿಯನ್ನು ತೆಗೆದು, ಅರೆದು, ಇನ್ನೊಂದು ಮೀನಿಗೆ ಸೂಜಿಯಿಂದ ಚುಚ್ಚಿ, 1957ರ ಜುಲೈ 10ರಂದು ಒಡಿಶಾದ ಆಂಗುಲಿನಲ್ಲಿ ಹೀರಾಲಾಲ್ ಚೌಧುರಿ ಮತ್ತು ಅವರ ಸಂಗಡಿಗರು ಈ ಗೆಂಡೆಗಳಿಂದ ಕೊಳದಲ್ಲಿಯೇ ತತ್ತಿಯಿಡಿಸಿದರು. ಮುಂದೆ ಬಹುಕಾಲ ಮರಿಗಳ ಉತ್ಪಾದನೆಯು ನಡೆದದ್ದು ಮೀನುಪೇಟೆಯ ತಲೆಗಳಿಂದ ಸಂಗ್ರಹಿಸಿದ ಇಂಥ ಗ್ರಂಥಿಗಳಿಂದ. ತಯಾರಿಸಿದ ಔಷಧಗಳು ಬಂದದ್ದು ಆಮೇಲೆ. ಈ ದಿನ ನಮ್ಮ ಕೆರೆಗಳಲ್ಲಿ ಕಾಣುವ ರೋಹು ಕಾಟ್ಲಗಳ ಹಿಂದೆ ಪೇಟೆಯಲ್ಲಿ ತಲೆ ಕೊಯ್ದವರ ಕೈಯೂ ಇದೆ.

ಆದರೆ ಕೊಳದ ಮೀನು ಹೆಚ್ಚಿತೆಂದ ಮಾತ್ರಕ್ಕೆ ಹೊಳೆಯ ಮೀನು ಉಳಿಯಿತೆಂದು ಅರ್ಥವಲ್ಲ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಕಬಿನಿ ಹೊಳೆಯಲ್ಲಿ 120 ಪೌಂಡು ತೂಕದ ಮಹಶೀರ್ ಮೀನನ್ನು ಗಾಳದಿಂದ ಹಿಡಿದರು. ಬೆನ್ನು ಗೂನಾದ ಈ ಮಹಶೀರ್ ಕಾವೇರಿಯ ನೀರಿನಲ್ಲಲ್ಲದೆ ಲೋಕದ ಬೇರೆ ಯಾವ ನದಿಯಲ್ಲಿಯೂ ಸಹಜವಾಗಿ ಇಲ್ಲ. ಇದಕ್ಕೆ ಸರಿಯಾದ ಶಾಸ್ತ್ರೀಯ ಹೆಸರು ಯಾವುದೆಂಬುದು ನಿಶ್ಚಯವಾದದ್ದು 2018ರಲ್ಲಿ. ಅದೇ ವರ್ಷ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಇದನ್ನು ಅತ್ಯಂತ ಗಂಡಾಂತರದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಹೆಸರು ಸಿಕ್ಕಿದ ವರ್ಷವೇ ಅಳಿವಿನ ಎಚ್ಚರಿಕೆಯೂ ಸಿಕ್ಕಿತು.

ನಗರವಾಸಿಗಳಾದ ನಮಗೆ ಈಗ ಮೀನು ದೊರೆಯುವುದು ಹುರುಪೆ ಹೆರೆದು, ಹೊಟ್ಟೆ ಬರಿದುಮಾಡಿ, ತುಂಡಾಗಿ. ಈಳಿಗೆಯ ಕೆಲಸವನ್ನು ಅಂಗಡಿಯ ಹಿಂಭಾಗದಲ್ಲಿ ಬೇರೆ ಯಾರೋ ಮುಗಿಸಿರುತ್ತಾರೆ. ಇದರಿಂದ ನಮಗೆ ಶ್ರಮವು ತಪ್ಪಿದೆ. ಅದರೊಡನೆ ತಿಳಿವಳಿಕೆಯೂ ತಪ್ಪಿದೆ. ಆ ಮೀನು ತತ್ತಿ ತುಂಬಿದ್ದಾಗ ಹಿಡಿದದ್ದೋ, ತತ್ತಿಯಿಟ್ಟ ಮೇಲೆ ಹಿಡಿದದ್ದೋ ಎಂಬುದನ್ನು ತುಂಡು ಹೇಳುವುದಿಲ್ಲ. ಮೊದಲು ಕೈಯೇ ಕಲಿಸುತ್ತಿದ್ದುದನ್ನು ಈಗ ನಾವು ಕೇಳಿ ಕಲಿಯಬೇಕಾಗಿದೆ. ಕೇಳತಕ್ಕದ್ದು ಯಾರನ್ನು ಎಂಬುದರಲ್ಲಿ ಸಂದೇಹವಿಲ್ಲ. ಹೊಳೆಯ ದಡದಲ್ಲಿ ಈಗಲೂ ಆ ವಿದ್ಯೆಯನ್ನು ಬಲ್ಲವರಿದ್ದಾರೆ. ಸೋಮೇಶ್ವರನು ಅವರಿಂದ ಕಲಿತು ಅವರ ಹೆಸರನ್ನು ಬರೆಯದೆ ಬಿಟ್ಟನು; ನಾವು ಅವರಿಂದ ಕಲಿತು ಹೆಸರನ್ನೂ ಬರೆದಿಡುವುದು ಒಳ್ಳೆಯದು.